ಮೂಸೆ, ಮಡಕೆ ಮತ್ತು ಸುಂಕ: ಅಗ್ನಿಸಹ ಮೃದ್ವಸ್ತುಗಳ ವರ್ಗೀಕರಣ ವಿಚಾರ

ಸಂಸ್ಕೃತದ ಶುಲ್ಕ ಶಬ್ದವು ಪ್ರಾಕೃತದ ದಾರಿಯಾಗಿ ಕನ್ನಡಕ್ಕೆ ಬಂದು ಸುಂಕವಾಯಿತು. ಬೆಳಗಾವಿಯ ಸೀಮೆಯಲ್ಲಿ ಇದರ ಪಕ್ಕದಲ್ಲಿಯೇ ಅರಬಿ ಮೂಲದ ಜಕಾತಿ ಎಂಬ ಶಬ್ದವೂ ಬಹುಕಾಲ ನಡೆಯಿತು. ಊರೊಳಗೆ ಬರುವ ಸರಕಿನ ಮೇಲಣ ಈ ತೆರಿಗೆಯನ್ನು ಕರ್ನಾಟಕ ಸರಕಾರವು ೧೯೭೯ರಲ್ಲಿ ತೆಗೆದುಹಾಕಿತು. ಶಬ್ದಗಳು ಎರಡಾದರೂ ಅವುಗಳ ಹಿಂದಣ ಪ್ರಶ್ನೆ ಒಂದೇ ಆಗಿರುವುದು: ಬಂದ ಸರಕು ಯಾವುದು? ಹಣವನ್ನು ಎಣಿಸುವುದಕ್ಕೆ ಮೊದಲು ಸುಂಕದವನು ವಸ್ತುವಿಗೆ ಹೆಸರಿಡಬೇಕಾಗುತ್ತದೆ. ಹೆಸರು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಈ ನಾಮಕರಣದ ಚರಿತ್ರೆಯನ್ನು ಒಂದೇ ಬಗೆಯ ಸರಕನ್ನು ಹಿಡಿದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಆ ಸರಕು ಬೆಂಕಿಯನ್ನು ತಾಳುವ, ಬೆಂಕಿಯ ಶಾಖವನ್ನು ಹೊರಗೆ ಬಿಡದೆ ತಡೆಯುವ ಮಣ್ಣಿನ ವಸ್ತು.

ಶಹಾಪುರವನ್ನು ಇದಕ್ಕೆ ನೆಲೆಯಾಗಿ ಹಿಡಿದುದಕ್ಕೆ ಕಾರಣವುಂಟು. ಈ ಊರು ೧೯೪೮ನೆಯ ಮಾರ್ಚ್ ೮ರ ವರೆಗೆ ಪಟವರ್ಧನರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದಿತು. ಇದಕ್ಕೆ ತಾಗಿಕೊಂಡೇ ಇದ್ದ ಬೆಳಗಾವಿಯು ೧೯೪೭ರ ವರೆಗೆ ಬ್ರಿಟಿಷರ ಆಳಿಕೆಯಲ್ಲಿದ್ದಿತು. ಸರಾಫ ಗಲ್ಲಿಯೆಂಬ ಹೆಸರೇ ಹೇಳುವಂತೆ ಇಲ್ಲಿ ಚಿನ್ನಬೆಳ್ಳಿಯ ವ್ಯವಹಾರವುಂಟು. ಚಿನ್ನವಿದ್ದಲ್ಲಿ ಅಕ್ಕಸಾಲಿಗನ ಮೂಸೆ ಇರಲೇಬೇಕಷ್ಟೆ. ಸಮೀಪದ ಉದ್ಯಮಬಾಗದಲ್ಲಿ ಕಬ್ಬಿಣದ ಎರಕದ ಕಾರ್ಖಾನೆಗಳಿವೆ. ದಕ್ಷಿಣಕ್ಕೆ ಸುಮಾರು ೨೬ ಕಿಲೋಮೀಟರಿನ ಮೇಲಿರುವ ಖಾನಾಪುರವು ಮಡಕೆಹಂಚುಗಳಿಗೆ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗವು ತನ್ನ ಕುಂಭಕಾರಿಕೆಯ ಕೇಂದ್ರಸಂಸ್ಥೆಯನ್ನು ಅಲ್ಲಿ ನೆಲೆಗೊಳಿಸಿದುದು ಅಕಾರಣವಾಗಿಯಲ್ಲ. ಕುಂಬಾರನ ಆವಿಗೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ, ಎರಕದವನ ಕುಲುಮೆ ಇವೆಲ್ಲವೂ ಮಣ್ಣನ್ನೇ ನಂಬಿಕೊಂಡಿವೆ. ಆದರೆ ಸುಂಕದ ಪಟ್ಟಿಯಲ್ಲಿ ಆ ಮಣ್ಣು ಒಂದೇ ಆಗಿ ಉಳಿಯುವುದಿಲ್ಲ.

ಮೊದಲು ಪ್ರಾಚೀನರ ಕ್ರಮವನ್ನು ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಕೋಶಾಗಾರದಿಂದ ೧೯೦೯ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನಿಗೂ ಶುಲ್ಕವ್ಯವಹಾರಕ್ಕೂ ಒಂದೊಂದು ಅಧ್ಯಾಯವು ಮೀಸಲಾಗಿರುವುದು. ಹೊರಗಿನಿಂದ ಒಳಗೆ ಬರುವ ಸರಕಿಗೆ ಬೆಲೆಯ ಐದರಲ್ಲೊಂದು ಭಾಗವೆಂದು ಸಾಮಾನ್ಯವಿಧಿಯನ್ನು ಹೇಳಿ, ಆಮೇಲೆ ಹೂವುಹಣ್ಣುಗಳಿಗೆ ಆರರಲ್ಲೊಂದು, ಬೇರೆ ಕೆಲವಕ್ಕೆ ಹತ್ತರಲ್ಲೊಂದು ಅಥವಾ ಹದಿನೈದರಲ್ಲೊಂದು ಎಂದು ವಿಶೇಷವಿಧಿಗಳನ್ನು ಕೊಟ್ಟಿದ್ದಾನೆ. ಮಣ್ಣಿನ ಪಾತ್ರೆಗಳು ಬರುವುದು ಎಲ್ಲಕ್ಕಿಂತ ಕೆಳಗಿನ ಗುಂಪಿನಲ್ಲಿ. ಬಟ್ಟೆ, ನೂಲು, ಹತ್ತಿ, ಕಟ್ಟಿಗೆ, ಬಿದಿರು, ತೊಗಲು, ಧಾನ್ಯ, ಉಪ್ಪು ಇವುಗಳ ಸಂಗಡ ಅವಕ್ಕೂ ಇಪ್ಪತ್ತರಲ್ಲೊಂದು ಅಥವಾ ಇಪ್ಪತ್ತೈದರಲ್ಲೊಂದು ಭಾಗ. ಇಲ್ಲಿ ಮಡಕೆಯನ್ನು ತೊಗಲಿನೊಡನೆ ಸೇರಿಸಿದ ಸೂತ್ರವು ಯಾವುದು? ದ್ರವ್ಯದ ಸಾಮ್ಯವಿಲ್ಲ, ಮಾಡುವ ಬಗೆಯ ಸಾಮ್ಯವೂ ಇಲ್ಲ. ದಿನದ ಬಾಳಿಗೆ ಬೇಕಾದ ಅಗ್ಗದ ಸರಕೆಂಬುದೇ ಇವನ್ನು ಒಟ್ಟುಗೂಡಿಸಿದೆ ಎಂದು ನಮಗೆ ತೋರುತ್ತದೆ. ಸಾರಭಾಂಡ, ಫಲ್ಗುಭಾಂಡ ಎಂಬ ಅವನ ವಿಭಾಗವು ಬೆಲೆಯನ್ನೇ ನೋಡುವುದು. ಕೀಳು ಮಾದರಿಯನ್ನು ತೋರಿಸಿ ಬೆಲೆಯನ್ನು ಇಳಿಸುವವನಿಗೂ, ಫಲ್ಗುವಸ್ತುವಿನಿಂದ ಸಾರವಸ್ತುವನ್ನು ಮುಚ್ಚಿ ತರುವವನಿಗೂ, ಅಳತೆ ಬೆಲೆಗಳನ್ನು ಕಡಿಮೆಯಾಗಿ ಹೇಳಿದವನಿಗೆ ಹೇಗೋ ಹಾಗೆಯೇ ದಂಡವುಂಟು. ಹೆಚ್ಚಿನ ಸರಕು ರಾಜನ ಪಾಲು, ಇಲ್ಲವೆ ಎಂಟುಮಡಿ ಶುಲ್ಕ. ಈ ಎಂಟುಮಡಿಯೇ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದ್ದು, ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಆ ಸ್ಮೃತಿಯನ್ನು ವ್ಯಾಖ್ಯಾನಿಸಿದುದರಿಂದ ಕನ್ನಡನಾಡಿನ ಧರ್ಮಶಾಸ್ತ್ರಜ್ಞರಿಗೆ ಪರಿಚಿತವಾಯಿತು.

ಶಾಸನಗಳ ಲೋಕಕ್ಕೆ ಬಂದರೆ ಅಳತೆಗೋಲು ಬದಲಾಗುತ್ತದೆ. ಬೆಳಗಾವಿಯು ವೇಣುಗ್ರಾಮವಾಗಿದ್ದ ಕಾಲದಲ್ಲಿ, ೧೨೦೪ರಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯದ ಶಾಸನಗಳು ಈ ಪೇಟೆಯಲ್ಲಿ ಲಾಳರೂ ಮಲೆಯಾಳರೂ ವ್ಯಾಪಾರಿಗಳಾಗಿದ್ದರೆಂಬುದನ್ನು ತಿಳಿಸುತ್ತವೆ. ಗುಜರಾತದಿಂದಲೂ ಕೇರಳದಿಂದಲೂ ಸರಕು ಬರುತ್ತಿದ್ದ ಊರಿನಲ್ಲಿ ಸುಂಕದ ವಿಚಾರವು ಸುಲಭವಾಗಿದ್ದಿರಲಾರದು. ಕನ್ನಡ ಶಾಸನಗಳಲ್ಲಿ ಕಾಣುವ ಪೆರ್ಜುಂಕ ಅಥವಾ ಹೆಜ್ಜುಂಕ, ಕಿರುಕುಳ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳಲ್ಲಿ ಪೆರ್, ಕಿರು ಎಂಬ ವಿಶೇಷಣಗಳನ್ನೇ ಗಮನಿಸಿದರೆ ಸಾಕು: ದೊಡ್ಡ ಸರಕಿನದು ಒಂದು, ಚಿಲ್ಲರೆಯದು ಇನ್ನೊಂದು. ಹೇರು, ಬಂಡಿ, ತಲೆಹೊರೆ ಎಂದು ಹೊತ್ತು ತಂದ ರೀತಿಯನ್ನು ಲೆಕ್ಕಿಸುತ್ತಿದ್ದರು. ಇದನ್ನು ಒರಟು ಕ್ರಮವೆಂದು ಹೀಗಳೆಯುವವರುಂಟು. ನಮಗೆ ಹಾಗೆ ತೋರದು. ಘಟ್ಟವನ್ನೇರಿ ಬಂದ ಎತ್ತಿನ ಹೇರನ್ನು ಬಿಚ್ಚಿ ಪ್ರತಿಯೊಂದು ವಸ್ತುವಿನ ಜಾತಿಯನ್ನು ನಿರ್ಣಯಿಸುವುದಕ್ಕಿಂತ ಹೇರನ್ನೇ ಎಣಿಸುವುದು ಉಭಯರಿಗೂ ಕ್ಷೇಮ. ಮಡಕೆಯ ಹೇರನ್ನು ಬಿಚ್ಚಿಸಿದರೆ ಒಡೆದುದಕ್ಕೆ ಹೊಣೆ ಯಾರು?

ಹಾಗಾದರೆ ಮಣ್ಣನ್ನು ಬೆಂಕಿಯ ದೃಷ್ಟಿಯಿಂದ ವಿಂಗಡಿಸಿದವರು ನಮ್ಮಲ್ಲಿ ಇರಲಿಲ್ಲವೆ? ಇದ್ದರು, ಆದರೆ ಅವರು ಸುಂಕದವರಲ್ಲ, ರಸಶಾಸ್ತ್ರದವರು. ರಸರತ್ನಸಮುಚ್ಚಯದ ಹತ್ತನೆಯ ಅಧ್ಯಾಯವು ಮೂಷೆಗಳ ವಿಚಾರವನ್ನು ಹೇಳುವುದು; ನಮ್ಮ ಮೂಸೆಯು ಅದರ ತದ್ಭವ. ಮೂಸೆಗೆ ತಕ್ಕ ಮಣ್ಣಿನ ಲಕ್ಷಣವಾಗಿ ಅಲ್ಲಿ ಚಿರಾಧ್ಮಾನಸಹ ಎಂಬ ಪದವು ಬಂದಿರುತ್ತದೆ. ಬಹುಹೊತ್ತು ತಿದಿಯೊತ್ತಿದರೂ ತಾಳುವುದೆಂದು ಅದರ ಅರ್ಥ. ಇಂದಿನ ಅಗ್ನಿಸಹ ಶಬ್ದಕ್ಕಿಂತ ಇದು ಹೆಚ್ಚು ನಿಖರವಾಗಿದೆ, ಏಕೆಂದರೆ ತಾಪದ ಜತೆಗೆ ಕಾಲವನ್ನೂ ಇದು ಹೇಳುತ್ತದೆ. ಅಂಥ ಮಣ್ಣು ಸಿಕ್ಕದಿದ್ದರೆ ಹುತ್ತದ ಮಣ್ಣು, ಇಲ್ಲವೆ ಕುಂಬಾರನ ಮಣ್ಣು ಆಗಬಹುದೆಂದು ಪ್ರತಿನಿಧಿಯನ್ನೂ ವಿಧಿಸಿದೆ. ಅದಕ್ಕೆ ಸುಟ್ಟ ಹೊಟ್ಟು, ಸೆಣಬು, ಇದ್ದಿಲು, ಕುದುರೆಯ ಲದ್ದಿ ಇವನ್ನು ಬೆರಸಿ ಕಬ್ಬಿಣದ ದಂಡದಿಂದ ಕುಟ್ಟಬೇಕು. ನಾರೂ ಲದ್ದಿಯೂ ಬೆಂಕಿಯಲ್ಲಿ ಉರಿದುಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಆ ರಂಧ್ರಗಳಲ್ಲಿ ನಿಂತ ಗಾಳಿಯು ಶಾಖವನ್ನು ತಡೆಯುತ್ತದೆ. ಸುಟ್ಟ ಹೊಟ್ಟಿನಿಂದ ಸಿಲಿಕವು ಸೇರುತ್ತದೆ. ಈಗ ಶಾಖರೋಧಕವೆಂದು ಮಾರುವ ಹಗುರಾದ ಇಟ್ಟಿಗೆಯ ಮರ್ಮವೂ ಇದೇ.

ಆಂಗ್ಲರ ಕಾಲದ ವಿಷಯವನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. ಮುಂಬಯಿ ಇಲಾಖೆಯೊಳಗಿನ ದಾರಿಸುಂಕಗಳು ೧೮೩೮ರಲ್ಲಿ ರದ್ದಾದುವು. ಸುಂಕವು ಒಳನಾಡಿನ ಹಾದಿಗಳನ್ನು ಬಿಟ್ಟು ಬಂದರಿಗೂ ಗಡಿಗೂ ಸರಿಯಿತು. ನಮ್ಮ ಭಾಗಕ್ಕೆ ಗಡಿಯೆಂದರೆ ಪೋರ್ತುಗೀಜರ ಗೋವೆ. ೧೮೭೮ರ ಒಡಂಬಡಿಕೆಯ ಮೇರೆಗೆ ೧೮೮೦ರಿಂದ ೧೮೯೨ರ ವರೆಗೆ ಎರಡು ಸೀಮೆಗಳ ನಡುವೆ ಸುಂಕವಿರಲಿಲ್ಲ. ಅದು ಮುಗಿದ ಬಳಿಕ ಮತ್ತೆ ತಪಾಸಣೆ ಬಂದಿತು. ಮುರಗಾಂವದಿಂದ ಘಟ್ಟವೇರಿ ಬರುವ ರೈಲು ಕ್ಯಾಸಲ್‌ರಾಕಿನಲ್ಲಿ ನಿಂತು, ಗಂಟುಮೂಟೆಗಳನ್ನು ಬಿಚ್ಚಿ ತೋರಿಸಿದ ಬಳಿಕವೇ ಲೋಂಡಾ, ಖಾನಾಪುರಗಳ ಕಡೆಗೆ ಮುಂದುವರಿಯಬೇಕಾಗಿತ್ತು. ೧೯೬೧ನೆಯ ಡಿಸೆಂಬರ್ ೧೯ರಂದು ಗೋವೆಯು ಭಾರತವನ್ನು ಸೇರಿದ ಮೇಲೆ ಈ ಗಡಿ ಅಳಿಯಿತು. ಪಟ್ಟಿಯ ಕಡೆಯಿಂದ ನೋಡಿದರೆ ೧೮೯೪ರ ಮತ್ತು ೧೯೩೪ರ ಅಧಿನಿಯಮಗಳಾದ ಮೇಲೆ ೧೯೭೫ರ ಕಸ್ಟಮ್ಸ್ ಟ್ಯಾರಿಫ್ ಅಧಿನಿಯಮವು ಬಂದಿತು. ಹಾರ್ಮೊನೈಜ್ಡ್ ಸಿಸ್ಟಂ ಎಂಬ ಅಂತರರಾಷ್ಟ್ರೀಯ ವರ್ಗೀಕರಣವನ್ನು ಅದರಲ್ಲಿ ೧೯೮೬ನೆಯ ಫೆಬ್ರವರಿ ೨೮ರಿಂದ ಅಳವಡಿಸಲಾಯಿತು. ಇದೇ ಈಗ ನಡೆಯುತ್ತಿರುವುದು.

ಈ ಪಟ್ಟಿಯಲ್ಲಿ ಎರಕದ ಕುಲುಮೆಯ ಮಣ್ಣು ಹೇಗೆ ಚದುರಿದೆಯೆಂಬುದನ್ನು ನೋಡಬೇಕು. ಹಸಿಯ ಬೆಂಕಿಮಣ್ಣು ೨೫೦೮ನೆಯ ಶೀರ್ಷಿಕೆಯಲ್ಲಿ, ಅಗ್ನಿಸಹ ಗಾರೆ ೩೮೧೬ರಲ್ಲಿ, ಸಿಲಿಕಮಯವಾದ ಪಳೆಯುಳಿಕೆಮಣ್ಣಿನ ಇಟ್ಟಿಗೆ ೬೯೦೧ರಲ್ಲಿ, ಇತರ ಅಗ್ನಿಸಹ ಇಟ್ಟಿಗೆಗಳು ೬೯೦೨ರಲ್ಲಿ, ಮೂಸೆ ಮೊದಲಾದುವು ೬೯೦೩ರಲ್ಲಿ ಬರುತ್ತವೆ. ಇನ್ನುಳಿದುದು ಕುಲುಮೆಯ ಗೋಡೆಗೆ ಹೊದಿಸುವ, ಉಣ್ಣೆಯಂತೆ ಬಿಳುಪಾಗಿ ಮೃದುವಾಗಿರುವ ಸುರುಳಿ. ವ್ಯಾಪಾರಿಗಳು ಇದನ್ನು ಸಿರಾಮಿಕ್ ಫೈಬರ್ ಬ್ಲಾಂಕೆಟ್ ಎನ್ನುವರು. ವಿವಾದವು ಹುಟ್ಟುವುದು ಇಲ್ಲಿಯೇ.

ಪೂರ್ವಪಕ್ಷವು ಹೀಗಿರುತ್ತದೆ. ೬೯ನೆಯ ಅಧ್ಯಾಯದ ಹೆಸರೇ ಸಿರಾಮಿಕ್ ವಸ್ತುಗಳು. ಈ ಸುರುಳಿಯ ಹೆಸರಿನಲ್ಲಿಯೂ ಸಿರಾಮಿಕ್ ಇದೆ. ಇದರ ದ್ರವ್ಯವು ಅಲ್ಯುಮಿನ ಮತ್ತು ಸಿಲಿಕ. ಇಟ್ಟಿಗೆಯ ದ್ರವ್ಯವೂ ಅದೇ. ಇದರ ಉಪಯೋಗವು ಕುಲುಮೆಯಲ್ಲಿ, ಇಟ್ಟಿಗೆಯದೂ ಅಲ್ಲಿಯೇ. ಲೋಕದ ರೂಢಿಯೂ ಇದಕ್ಕೆ ಅನುಕೂಲವಾಗಿದೆ. ತೆರಿಗೆಯ ಶಬ್ದಗಳಿಗೆ ಜನರ ಬಳಕೆಯ ಅರ್ಥವನ್ನೇ ಹಿಡಿಯಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿಲ್ಲವೆ? ವೀಳ್ಯದೆಲೆಯು ಸಸ್ಯವಾದರೂ ತರಕಾರಿಯಲ್ಲವೆಂದು ೧೯೬೧ರಲ್ಲಿಯೂ, ವೈದ್ಯರ ಗಾಜಿನ ಪಿಚಕಾರಿಯು ಗಾಜಿನ ಸಾಮಾನಲ್ಲವೆಂದು ೧೯೮೧ರಲ್ಲಿಯೂ ತೀರ್ಪಾಗಿರುವುದು. ಯೋಗಾರ್ಥಕ್ಕಿಂತ ರೂಢಾರ್ಥವು ಬಲವಾದುದೆಂಬ ಮೀಮಾಂಸಕರ ರಥಕಾರಾಧಿಕರಣಕ್ಕೂ ಇದು ಒಪ್ಪುತ್ತದೆ.

ಸಿದ್ಧಾಂತವು ಬೇರೆ. ರೂಢಿಯು ಬಲವಾದುದು ನಿಜ, ಶಾಸ್ತ್ರಕಾರನು ಪರಿಭಾಷೆಯನ್ನು ಮಾಡದಿದ್ದಾಗ. ವ್ಯಾಕರಣದಲ್ಲಿ ಗುಣವೆಂದರೆ ಅಕಾರ, ಏಕಾರ, ಓಕಾರಗಳೇ. ಅಲ್ಲಿ ಒಳ್ಳೆಯ ನಡತೆಯನ್ನು ಯಾರೂ ಹುಡುಕುವುದಿಲ್ಲ. ಹಾಗೆಯೇ ೬೯ನೆಯ ಅಧ್ಯಾಯದ ಮೊದಲ ಟಿಪ್ಪಣಿಯು, ಆಕಾರ ಕೊಟ್ಟ ಮೇಲೆ ಸುಟ್ಟ ಸಿರಾಮಿಕ್ ವಸ್ತುಗಳಿಗೆ ಮಾತ್ರ ಈ ಅಧ್ಯಾಯವು ಸಲ್ಲುವುದೆಂದು ನಿಯಮಿಸಿದೆ. ಮೊದಲು ತಿಗರಿ, ಆಮೇಲೆ ಆವಿಗೆ. ಈ ಪೌರ್ವಾಪರ್ಯವೇ ಲಕ್ಷಣ. ನಮ್ಮ ಸುರುಳಿಯಲ್ಲಿ ಕ್ರಮವು ತಲೆಕೆಳಗಾಗಿದೆ. ಅಲ್ಯುಮಿನ ಸಿಲಿಕಗಳನ್ನು ಮೊದಲು ಬೆಂಕಿಯಲ್ಲಿ ನೀರಾಗಿ ಕರಗಿಸಿ, ಆ ದ್ರವವನ್ನು ಗಾಳಿಯಿಂದ ಊದಿ ಅಥವಾ ತಿರುಗುವ ಚಕ್ರದಿಂದ ಚಿಮ್ಮಿಸಿ ಎಳೆಗಳನ್ನಾಗಿಸಿ, ಎಳೆಗಳನ್ನು ಒತ್ತಿ ಕಂಬಳಿಯನ್ನಾಗಿ ಮಾಡುತ್ತಾರೆ. ಬೆಂಕಿ ಮೊದಲು, ಆಕಾರ ಆಮೇಲೆ. ಆದುದರಿಂದ ಇದು ೬೮೦೬ನೆಯ ಶೀರ್ಷಿಕೆಯಲ್ಲಿ, ಕಿಟ್ಟದ ಉಣ್ಣೆ, ಕಲ್ಲಿನ ಉಣ್ಣೆ ಮತ್ತು ಅಂಥ ಖನಿಜದ ಉಣ್ಣೆಗಳ ಸಂಗಡ ಸೇರುವುದು. ಪಟ್ಟಿಯ ವಿವರಣ ಟಿಪ್ಪಣಿಗಳು ಅಲ್ಯುಮಿನ ಸಿಲಿಕಗಳ ಎಳೆಯನ್ನು ಹೆಸರು ಹಿಡಿದೇ ಅಲ್ಲಿ ಸೇರಿಸಿವೆ. ದ್ರವ್ಯಸಾಮ್ಯದ ವಾದವು ನಿಲ್ಲದು; ಗಾಜೂ ಸಿಲಿಕವೇ ಆಗಿದ್ದರೂ ಅದಕ್ಕೆ ೭೦ನೆಯ ಅಧ್ಯಾಯವಿದೆ. ಉಪಯೋಗದ ವಾದವೂ ದುರ್ಬಲ. ಅಗ್ನಿಸಹವೆನ್ನಲು ೧೫೦೦ ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪವನ್ನು ತಾಳಬೇಕೆಂದು ಆ ಟಿಪ್ಪಣಿಗಳು ಸೂಚಿಸುತ್ತವೆ. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಈ ಸುರುಳಿಯ ದರ್ಜೆ ೧೨೬೦ ಡಿಗ್ರಿಯದು.

ಆವಿಗೆಯ ಈ ಪ್ರಶ್ನೆಯು ನಮ್ಮ ದರ್ಶನಗಳಿಗೆ ಹೊಸದಲ್ಲ. ತರ್ಕಸಂಗ್ರಹವನ್ನು ಓದಿದವರೆಲ್ಲರೂ ಪೀಲುಪಾಕ ಪಿಠರಪಾಕಗಳ ವಾದವನ್ನು ಬಲ್ಲರು. ಹಸಿಯ ಗಡಿಗೆಯನ್ನು ಸುಡುವಾಗ ಅದು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಪರಮಾಣುಗಳಲ್ಲಿ ಪಾಕವಾಗಿ, ಮತ್ತೆ ಬೇರೊಂದು ಗಡಿಗೆ ಹುಟ್ಟುವುದೆಂದು ವೈಶೇಷಿಕರು. ಗಡಿಗೆಯು ಗಡಿಗೆಯಾಗಿಯೇ ಇದ್ದು, ರಂಧ್ರಗಳಲ್ಲಿ ಬೆಂಕಿಯು ಹೊಕ್ಕು ಬಣ್ಣವು ಬದಲಾಗುವುದೆಂದು ನೈಯಾಯಿಕರು. ಗಡಿಗೆ ನಿಜವಾಗಿ ನಾಶವಾದರೆ ಅದರ ಮೇಲೆ ಪೇರಿಸಿದ ಗಡಿಗೆಗಳು ಏಕೆ ಬೀಳುವುದಿಲ್ಲ ಎಂಬ ನೈಯಾಯಿಕರ ಆಕ್ಷೇಪವನ್ನು ಖಾನಾಪುರದ ಯಾವ ಕುಂಬಾರನಾದರೂ ಒಪ್ಪಿಯಾನು. ೬೯ನೆಯ ಅಧ್ಯಾಯದ ವಸ್ತುವು ಪಿಠರಪಾಕದ್ದು, ಆಕಾರವು ಬೆಂಕಿಯನ್ನು ದಾಟಿ ಬಂದುದು. ೬೮೦೬ರ ನಾರು ಪೀಲುಪಾಕಕ್ಕೆ ಹತ್ತಿರವಾದುದು, ಹಳೆಯ ರೂಪವು ಪೂರ್ಣವಾಗಿ ಕರಗಿ ಹೊಸದು ಹುಟ್ಟಿದುದು. ಇದು ಸಾದೃಶ್ಯ ಮಾತ್ರ. ಬ್ರಸೆಲ್ಸಿನಲ್ಲಿ ಪಟ್ಟಿಯನ್ನು ರಚಿಸಿದವರು ಕಣಾದನನ್ನು ಓದಿದ್ದರೆಂದು ಹೇಳುವ ಉತ್ಸಾಹವು ನಮಗಿಲ್ಲ.

ಪಟ್ಟಿಯ ವ್ಯಾಖ್ಯಾನಸೂತ್ರಗಳು ಆರು. ಎರಡು ಶೀರ್ಷಿಕೆಗಳು ಪ್ರಾಪ್ತವಾದಾಗ ವಿಶೇಷವಾದುದನ್ನು ಹಿಡಿಯಬೇಕೆಂಬುದು ನಮ್ಮ ತಕ್ರಕೌಂಡಿನ್ಯನ್ಯಾಯ. ಅದು ಸಾಗದಿದ್ದರೆ ವಸ್ತುವಿನ ಪ್ರಧಾನಾಂಶವನ್ನು ನೋಡಬೇಕು. ಅದೂ ಸಾಗದಿದ್ದರೆ ಸಂಖ್ಯಾಕ್ರಮದಲ್ಲಿ ಕೊನೆಯದು ಗೆಲ್ಲುವುದು. ಈ ಮೂರನೆಯದನ್ನು ಕಂಡಾಗ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದ ಎರಡನೆಯ ಸೂತ್ರವನ್ನು ಯಾವ ವೈಯಾಕರಣನು ನೆನೆಯದಿರುವನು? ಸಮಬಲದ ಎರಡು ವಿಧಿಗಳು ತಾಗಿದರೆ ಪರವಾದುದು ನಿಲ್ಲುವುದೆಂದು ಅಲ್ಲಿ ಸಂಪ್ರದಾಯದ ಅರ್ಥ. ಪರವೆಂದರೆ ಸೂತ್ರಕ್ರಮದಲ್ಲಿ ಮುಂದಿನದಲ್ಲ, ಪದದ ಬಲಗಡೆಯದೆಂದು ಕೇಂಬ್ರಿಜ್ಜಿನ ಸಂಶೋಧನೆಯೊಂದು ೨೦೨೨ರಲ್ಲಿ ಹೊಸ ಅರ್ಥವನ್ನು ಮಂಡಿಸಿ ಪಂಡಿತರಲ್ಲಿ ಕಲಹವನ್ನೆಬ್ಬಿಸಿತು. ಸುಂಕದ ಪಟ್ಟಿಯಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ. ಶೀರ್ಷಿಕೆಗಳಿಗೆ ಅಂಕೆ ಹಾಕಿದೆ.

ಆದರೆ ಕನ್ನಡದಲ್ಲಿ ಒಂದು ತೊಡಕು ಉಳಿದಿದೆ, ಅದು ನಮ್ಮ ಪರಿಷತ್ತುಗಳಿಗೂ ಅಧ್ಯಾಪಕರಿಗೂ ಸೇರಿದುದು. ಸಿರಾಮಿಕ್ ಶಬ್ದವು ಕುಂಬಾರನ ಮಣ್ಣೆಂಬ ಅರ್ಥದ ಗ್ರೀಕ್ ಪದದಿಂದ ಬಂದುದರಿಂದ, ಸಿರಾಮಿಕ್ ಫೈಬರನ್ನು ಮಣ್ಣಿನ ನಾರು ಅಥವಾ ಮೃತ್ತಂತುವೆಂದು ಅನುವಾದಿಸುವುದು ಸಹಜ. ಆದರೆ ಹಾಗೆ ಬರೆದ ಕನ್ನಡ ಕಾಗದವನ್ನು ಹಿಡಿದು ಓದಿದವನು ಸರಕನ್ನು ನೇರವಾಗಿ ಮಡಕೆಗಳ ಅಧ್ಯಾಯಕ್ಕೆ ಕೊಂಡೊಯ್ಯುವನು. ಪೂರ್ವಪಕ್ಷಿಯ ತಪ್ಪು ಅನುವಾದದಲ್ಲಿಯೇ ಅಡಗಿ ಕುಳಿತಿರುತ್ತದೆ. ಆಸ್‌ಬೆಸ್ಟಾಸಿಗೆ ಕಲ್ನಾರು ಎಂಬ ಹೆಸರು ನಮ್ಮಲ್ಲಿ ಚೆನ್ನಾಗಿ ನೆಲೆಗೊಂಡಿದೆ. ಅದು ನೆಲದಲ್ಲಿ ನಾರಾಗಿಯೇ ದೊರೆಯುವ ಕಲ್ಲಾದುದರಿಂದ ಆ ಹೆಸರು ನಿರ್ದುಷ್ಟ. ಕರಗಿಸಿ ಎಳೆದುದಕ್ಕೆ ಅದೇ ಮಾದರಿಯಲ್ಲಿ ಎರಕನಾರು ಎನ್ನಬಹುದೆಂದು ನಮ್ಮ ಸೂಚನೆ. ಕಿಟ್ಟದ್ದಾಗಲಿ ಕಲ್ಲಿನದಾಗಲಿ ಅಲ್ಯುಮಿನದ್ದಾಗಲಿ, ೬೮೦೬ರ ಉಣ್ಣೆಗಳೆಲ್ಲವೂ ಎರಕದಿಂದ ಹುಟ್ಟಿದುವೇ ಆಗಿರುವುದರಿಂದ ಈ ಒಂದು ಶಬ್ದವು ಎಲ್ಲಕ್ಕೂ ವ್ಯಾಪಿಸುತ್ತದೆ. ಸಿರಾಮಿಕ್ಕಿಗೆ ಬೆಂದಮಣ್ಣು ಎಂದರೆ ಸಾಕು. ಬೇಯುವುದಕ್ಕೆ ಮೊದಲು ಅದು ರೂಪು ತಳೆದಿತ್ತೆಂಬುದನ್ನು ಆವಿಗೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಕವೆಂಬ ಮಾತು ಉದ್ಯಮಬಾಗದವರಿಗೂ ಸರಾಫ ಗಲ್ಲಿಯವರಿಗೂ ದಿನದ ಬಳಕೆಯದು.