ಒಂದೇ ದಫ್ತರ

ಸಂಗೊಳ್ಳಿ ರಾಯಣ್ಣನ 1829-30ರ ಬಂಡಾಯದ ಬಗ್ಗೆ ಓದುವಾಗ ನನ್ನ ಕಣ್ಣು ನಿಲ್ಲೋದು ಒಂದು ಕಡೆ: ಅವನ ದಂಡು ಖಜಾನೆ ದೋಚಿದ್ದಷ್ಟೇ ಅಲ್ಲ, ಸರ್ಕಾರಿ ಕಚೇರಿಗಳಿಗೂ ಬೆಂಕಿ ಇಟ್ಟಿತು. ಅವನ ಜಮೀನಿನ ಬಹುಭಾಗವನ್ನು ಕಂಪನಿ ಸರ್ಕಾರ ಕಿತ್ತುಕೊಂಡಿತ್ತು, ಉಳಿದದ್ದಕ್ಕೆ ಭಾರಿ ಕಂದಾಯ ಹೇರಿತ್ತು. ಆ ಲೆಕ್ಕವೆಲ್ಲ ಇದ್ದದ್ದು ಕಾಗದದ ಮೇಲೆ.

ಹಳ್ಳಿಯ ಲೆಕ್ಕ ಕುಲಕರ್ಣಿಯ ಕೈಯಲ್ಲಿರುತ್ತಿತ್ತು. ಬಟ್ಟೆಯಲ್ಲಿ ಕಟ್ಟಿದ ದಫ್ತರ. ಅದಕ್ಕೆ ಗೆದ್ದಲು ಹಿಡಿದರೆ, ಮಳೆ ನೀರು ಬಿದ್ದರೆ, ಬರೆಯುವವನ ಮನಸ್ಸು ಕೆಟ್ಟರೆ, ರೈತ ಏನು ತೋರಿಸಿ ವಾದ ಮಾಡಬೇಕು?

ನಮ್ಮ ಆಫೀಸಿನ ಶೇರ್ಡ್ ಡ್ರೈವ್ ಕೂಡ ಇಂಥದ್ದೇ ದಫ್ತರ. 1980ರ ದಶಕದಲ್ಲಿ ಐಬಿಎಂನಲ್ಲಿ ಎಸ್‌ಎಂಬಿ, ಸನ್ ಕಂಪನಿಯಲ್ಲಿ ಎನ್‌ಎಫ್‌ಎಸ್ ಹುಟ್ಟಿದವು. ದೂರದ ಡಿಸ್ಕು ನಮ್ಮದೇ ಡಿಸ್ಕಿನ ಹಾಗೆ ಕಾಣತೊಡಗಿತು. ಕಾಣುತ್ತೆ, ಅಷ್ಟೇ. ಸೇವ್ ಆಗೋ ನಡುವೆ ವೈಫೈ ಹೋದ್ರೆ ಫೈಲ್ ಕೆಡಬಹುದು. ಲಾಕ್ ಸರಿಯಾಗಿ ಬೀಳದಿದ್ರೆ ಇಬ್ಬರು ಒಟ್ಟಿಗೆ ತಿದ್ದಿ, ಕೊನೆಗೆ ಸೇವ್ ಮಾಡಿದವರದ್ದು ಮಾತ್ರ ಉಳಿಯುತ್ತೆ. ಎಸ್‌ಕ್ಯೂಲೈಟ್ ತಯಾರಕರೇ ನೆಟ್‌ವರ್ಕ್ ಡ್ರೈವ್ ಮೇಲೆ ಡೇಟಾಬೇಸ್ ಇಡೋದರ ಬಗ್ಗೆ ಎಚ್ಚರಿಸುತ್ತಾರೆ. ವಿಂಡೋಸ್‌ನಲ್ಲಿ ಅಲ್ಲಿಂದ ಡಿಲೀಟ್ ಮಾಡಿದ ಫೈಲು ಸಾಮಾನ್ಯವಾಗಿ ನಿಮ್ಮ ರೀಸೈಕಲ್ ಬಿನ್ನಿಗೂ ಬರೋದಿಲ್ಲ.

ಇದಕ್ಕೆ ಮದ್ದು ಕಂದಾಯ ಇಲಾಖೆ ನಮಗಿಂತ ಮೊದಲೇ ಕಂಡುಕೊಂಡಿತ್ತು. ಬೈಲಹೊಂಗಲ, ಸವದತ್ತಿ ಕಡೆ ಪಹಣಿಗೆ ಉತಾರ ಅಂತೀವಿ. ಹೊಲ ಕೈ ಬದಲಾದರೆ ತಲಾಟಿ ನೇರವಾಗಿ ಉತಾರ ತಿದ್ದುವ ಹಾಗಿಲ್ಲ. ಮೊದಲು ಮ್ಯುಟೇಶನ್ ರಜಿಸ್ಟರಿನಲ್ಲಿ ನಮೂದು, ಸಂಬಂಧಪಟ್ಟವರಿಗೆ ನೋಟಿಸು, ತಕರಾರು ಬಂದರೆ ವಿಚಾರಣೆ, ಮೇಲಧಿಕಾರಿಯ ಮಂಜೂರಿ. ಉತಾರದಲ್ಲಿ ಹೆಸರು ಬದಲಾಗೋದು ಆಮೇಲೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದಾಗಲೂ ಈ ಕ್ರಮ ಬಿಡಲಿಲ್ಲ. ಜೊತೆಗೆ ಅಧಿಕಾರಿಯ ಬೆರಳಚ್ಚೂ ಸೇರಿತು. ಇಷ್ಟೆಲ್ಲ ಇದ್ದೂ ತಪ್ಪುಗಳಾಗುತ್ತವೆ. ಉತಾರದಲ್ಲಿ ಒಂದು ಹೆಸರು ತಪ್ಪಿದ್ರೆ ಬೆಳೆಸಾಲಕ್ಕೆ ಎಷ್ಟು ಅಲೆಯಬೇಕು ಅಂತ ಹಳ್ಳಿಯವರಿಗೆ ಗೊತ್ತು. ಆದರೆ ಯಾರು, ಯಾವಾಗ, ಏನು ಬದಲಿಸಿದರು ಅಂತ ಹುಡುಕೋಕೆ ಒಂದು ದಾರಿಯಂತೂ ಇದೆ.

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದ. ಅದರಲ್ಲಿ ಪ್ರತಿಯೊಬ್ಬರ ಹತ್ತಿರವೂ ಇತಿಹಾಸ ಸಮೇತ ಪೂರ್ತಿ ಪ್ರತಿ ಇರುತ್ತೆ, ಪ್ರತಿ ಬದಲಾವಣೆಗೂ ಹೆಸರು, ತಾರೀಕು ಇರುತ್ತೆ. ನಾವು ದಿನಾ ಹಾಕೋ ಪುಲ್ ರಿಕ್ವೆಸ್ಟು ಒಂದು ರೀತಿಯಲ್ಲಿ ಮ್ಯುಟೇಶನ್ ಅರ್ಜಿಯೇ.

ಗಿಟ್ ಬಳಸದ ತಂಡವಾದರೂ ಇಷ್ಟು ಮಾಡಬಹುದು: ಫೈಲನ್ನು ನಿಮ್ಮ ಮಷೀನಿಗೆ ತಂದು ಕೆಲಸ ಮಾಡಿ, ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಡ್ರೈವಿಗೆ ಹಾಕಿ. ಆ ಡ್ರೈವಿನ ಬ್ಯಾಕಪ್ ಬೇರೆ ಕಟ್ಟಡದಲ್ಲಿರಲಿ.