ತೋಳಿನಿಂದ ತೋಳಿಗೆ ಬಂದ ದಾಕು

ಹಳೆಯ ಮೈಸೂರಿನ ಕಡೆ ಅದಕ್ಕೆ 'ದಾಕು ಹಾಕಿಸುವುದು' ಎನ್ನುತ್ತಾರೆ. ಧಾರವಾಡದ ಕಡೆ 'ದೇವಿ ಹಾಕಿಸುವುದು'. ನಮ್ಮ ನೆರೆಯ ಮರಾಠಿಗರೂ ದೇವಿಯ ಹೆಸರನ್ನೇ ಹಿಡಿದಿದ್ದಾರೆ. ರೋಗಕ್ಕೂ ಅದನ್ನು ತಡೆಯುವ ಮದ್ದಿಗೂ ಒಂದೇ ಹೆಸರು! ಮನೆಯ ಹಿರಿಯರ ತೋಳಿನ ಮೇಲೆ ಇಂದಿಗೂ ಕಾಣುವ ಗುಂಡನೆಯ ಕಲೆ ಆ ದಾಕಿನದು. ಅದು ಭಾರತಕ್ಕೆ ಕಾಲಿಟ್ಟದ್ದು ನಾವೆಲ್ಲ ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಈ ಮುಂಬಯಿಯಲ್ಲೇ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಂಗಸೊಬ್ಬಳ ಕೈಮೇಲೆದ್ದಿದ್ದ ಹಸುವಿನ ಸಿಡುಬಿನ ಗುಳ್ಳೆಯಿಂದ ರಸ ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಾಕಿದ. ಮುಂದೆ ಆ ಹುಡುಗನಿಗೆ ನಿಜವಾದ ಸಿಡುಬಿನ ರಸವನ್ನೇ ಚುಚ್ಚಿದರೂ ರೋಗ ತಗಲಲಿಲ್ಲ. ಸಿಡುಬು ಹತ್ತು ಮಂದಿಗೆ ಬಂದರೆ ಸುಮಾರು ಮೂವರನ್ನು ಕೊಂಡೊಯ್ಯುತ್ತಿದ್ದ ಕಾಲ ಅದು.

ಈ ರಸವನ್ನು ಇಂಡಿಯಾಕ್ಕೆ ತರುವುದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಹಡಗಿನ ದಾರಿ ತಿಂಗಳುಗಟ್ಟಲೆ, ದಾರಿಯ ಸೆಕೆಗೆ ಒಣಗಿಸಿದ ರಸವೂ ಕೆಡುತ್ತಿತ್ತು. ಕೊನೆಗೆ ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಹಡಗಿನಲ್ಲಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು 'ಹಿಡಿಯಿತು'. ಆ ಮಗುವಿನ ಗುಳ್ಳೆಯ ರಸದಿಂದ ಮುಂಬಯಿಯ ಇನ್ನೈದು ಮಕ್ಕಳಿಗೆ ದಾಕು ಹಾಕಿದರು. ಅಲ್ಲಿಂದ ಪುಣೆ, ಸೂರತ್, ಹೈದರಾಬಾದ್, ಮದರಾಸು. ಇಂದು ಶೀತಲಪೆಟ್ಟಿಗೆ ಮಾಡುವ ಕೆಲಸವನ್ನು ಅಂದು ಮಕ್ಕಳ ಎಳೆಯ ತೋಳುಗಳು ಮಾಡಿದವು.

ಮೈಸೂರಿಗೂ ಅದು ಬೇಗನೆ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದನೆಂದು ಹೇಳುವ ಒಂದು ವರ್ಣಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯ ಕಿರಿಯಳು ಸೆರಗು ಸರಿಸಿ ತೋಳು ತೋರುವಂತೆ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಹಾಗಿದ್ದಲ್ಲಿ, ಅರಮನೆಯ ಹೆಣ್ಣುಮಗಳು ಪರದೇಶಿ ಚಿತ್ರಕಾರನೆದುರು ತೋಳು ತೋರಿಸಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ. ಸಾವಿರ ಡಂಗುರ ಸಾರಿದ್ದಕ್ಕೆ ಸಮ!

ಆದರೂ ಜನ ಹೆದರಿದರು. ಅವರನ್ನು ಮೂಢರೆಂದು ತಳ್ಳಿಹಾಕುವುದು ನನಗೆ ಸರಿಕಾಣದು. ದಾಕು ಹಾಕಿದ ಎಂಟನೆಯ ದಿನ ಮಗುವನ್ನು ಮತ್ತೆ ಕರೆತರಬೇಕು; ಮಾಗಿದ ಗುಳ್ಳೆಯನ್ನು ಚುಚ್ಚಿ, ಅದರ ರಸವನ್ನು ಪರರ ಮಕ್ಕಳಿಗೆ ಹಾಕುವರು. ಯಾವ ತಾಯಿಯ ಕರುಳು ಒಪ್ಪೀತು? ಮಗುವನ್ನು ಬಚ್ಚಿಟ್ಟ ತಾಯಂದಿರು ಎಷ್ಟೋ. ಜಾತಿಯ ಅಳುಕೂ ಇತ್ತು, ನಿಜ. ಆದರೆ ಒಬ್ಬರ ರಸದೊಡನೆ ಬೇರೆ ರೋಗವೂ ಬಂದೀತೆಂಬ ಭಯ ಹುಸಿಯಾಗಿರಲಿಲ್ಲ. ಯುರೋಪಿನಲ್ಲೇ ಹಾಗೆ ಪರಂಗಿ ಹುಣ್ಣು ಹರಡಿದ್ದುಂಟು. ಕರುವಿನ ಮೈಮೇಲೆ ಲಸಿಕೆ ಬೆಳೆಸುವ ಕ್ರಮ ಬಂದ ಮೇಲೆ ಈ ತೊಂದರೆ ತಪ್ಪಿತು. ನಮ್ಮ ಬೆಳಗಾವಿಯ ವ್ಯಾಕ್ಸಿನ್ ಸಂಸ್ಥೆಯೂ ಸಿಡುಬಿನ ಲಸಿಕೆ ತಯಾರಿಸಿ ಹೆಸರಾಯಿತು. ಭಯಕ್ಕೆ ಕಾರಣವಿದ್ದಲ್ಲಿ ಆ ಕಾರಣವನ್ನು ಕಿತ್ತದ್ದರಿಂದಲೇ ಕೆಲಸವಾಯಿತು. 1880ರ ಕಡ್ಡಾಯದ ಕಾನೂನಿನಿಂದ ಮಾತ್ರವಲ್ಲ. ಭಾರತದ ಕಡೆಯ ಸಿಡುಬು 1975ರ ಮೇ ತಿಂಗಳಿನದು. 1980ರಲ್ಲಿ ಲೋಕಕ್ಕೇ ಸಿಡುಬು ಇಲ್ಲವಾಯಿತೆಂದು ಸಾರಲಾಯಿತು.

ದಾಕು ಕೆಲಸ ಮಾಡುವ ಬಗೆ ಸರಳ. ಹಸುವಿನ ಸಿಡುಬು ಮನುಷ್ಯನ ಸಿಡುಬಿನ ದಾಯಾದಿ, ಆದರೆ ಸೌಮ್ಯ. ಅದರೊಡನೆ ಸೆಣಸಿ ಗೆದ್ದ ರಕ್ತದ ಕಣಗಳಲ್ಲಿ ಕೆಲವು ಶತ್ರುವಿನ ಗುರುತನ್ನು ನೆನಪಿಟ್ಟುಕೊಂಡು ಉಳಿಯುತ್ತವೆ. ನಿಜವಾದ ರೋಗಾಣು ಬಂದೊಡನೆ ತಡಮಾಡದೆ ಮೇಲೆ ಬೀಳುತ್ತವೆ. ಇಂದಿನ ಲಸಿಕೆಗಳದೂ ಇದೇ ತತ್ತ್ವ. ಕೆಲವದರಲ್ಲಿ ಬಲಗುಂದಿಸಿದ ರೋಗಾಣು, ಕೆಲವದರಲ್ಲಿ ಸತ್ತದ್ದು, ಇನ್ನು ಕೆಲವದರಲ್ಲಿ ಅದರ ಒಂದು ತುಣುಕು ಮಾತ್ರ. ಒಂದೇ ಸಲಕ್ಕೆ ನೆನಪು ಗಟ್ಟಿಯಾಗದ ಕಡೆ ಎರಡನೆಯ, ಮೂರನೆಯ ಸರದಿ ಬೇಕಾಗುತ್ತದೆ. ಶಾಲೆಯಲ್ಲಿ ಮಗ್ಗಿ ಕಲಿತಂತೆ.

ಇಂದಿನ ತಾಯ್ತಂದೆಯರ ಪ್ರಶ್ನೆಗಳೂ ಬಂದೇ ಬರುತ್ತವೆ. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುಗಳ ಚುಚ್ಚುಮದ್ದಿನ ನಂತರ ಜ್ವರ, ತೊಡೆ ನೋವು ಒಂದೆರಡು ದಿನ ಇರುವುದು ಸಾಮಾನ್ಯ. ಉಗ್ರ ಅಲರ್ಜಿ ತೀರ ಅಪರೂಪ. ಆದರೂ ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂಡಿಸುವುದು ಅದಕ್ಕಾಗಿಯೇ, ಲೋಕಲ್ ಟ್ರೇನು ತಪ್ಪಿದರೂ ಚಿಂತೆಯಿಲ್ಲ. ದಡಾರದ ಲಸಿಕೆಯಿಂದ ಆಟಿಸಂ ಬರುವುದೆಂಬ ಸುದ್ದಿ ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕೆ ಮೂಲವಾದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಹಿಂತೆಗೆದ ಸುದ್ದಿ ಮಾತ್ರ ಅಷ್ಟು ಓಡಲಿಲ್ಲ. ಕಾಣದ ರೋಗಕ್ಕೆ ಲಸಿಕೆಯೇಕೆ ಎನ್ನುವವರಿಗೆ ದೂರದ ಉದಾಹರಣೆ ಬೇಕಿಲ್ಲ. 2022ರ ಕೊನೆಯಲ್ಲಿ ಇದೇ ಮುಂಬಯಿಯ ಗೋವಂಡಿ ಮುಂತಾದ ಕಡೆ ದಡಾರ ಹಬ್ಬಿ ಮಕ್ಕಳು ತೀರಿಕೊಂಡರು.

ನಮ್ಮಂಥ ವರ್ಗಾವಣೆಯ ನೌಕರಿಯವರದು ಇನ್ನೊಂದು ಪೇಚು. ಬಾಣಂತನ ಊರಲ್ಲಿ, ಮೊದಲ ಚುಚ್ಚುಮದ್ದು ಅಲ್ಲೇ, ಮುಂದಿನದು ಮುಂಬಯಿಯಲ್ಲಿ, ಅದರ ಮುಂದಿನದು ಎಲ್ಲೋ. ನಡುವೆ ಒಂದು ತಪ್ಪಿತೆಂದು ಕೈಬಿಡಬೇಕಾಗಿಲ್ಲ, ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕಾಗಿಯೂ ಇಲ್ಲ. ನಿಂತಲ್ಲಿಂದ ಮುಂದುವರಿಸುತ್ತಾರೆ. ಊರಿನ ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಂಡು ಬಂದಿದ್ದರೆ ಸಾಕು.