ಕೊಡಗಿನ ಕೋವಿ-ವಿನಾಯಿತಿ: ಒಂದು ಪಾರಿತೋಷಕದ ಅವಧಿ

ಕನ್ನಡ ನಾಡಿನ ಪ್ರಾಚೀನ ದಾನಶಾಸನಗಳಲ್ಲಿ, ಕೊಟ್ಟದ್ದು ಎಷ್ಟು ಕಾಲ ನಡೆಯಬೇಕೆಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಚಂದ್ರಸೂರ್ಯರಿರುವ ತನಕ ಎಂಬ ಮಾತಿನಲ್ಲಿಯೇ ಅದರ ಉತ್ತರವಿರುತ್ತದೆ. ಆತಕೂರಿನ ಶಾಸನದ (ಕ್ರಿ.ಶ. 949-50) ಪ್ರಕಾರ ಗಂಗರ ಬೂತುಗನು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಆತಕೂರು-12ನ್ನು ಬಾಳ್ಗಚ್ಚಾಗಿ, ಎಂದರೆ ಕತ್ತಿ ತೊಳೆದು ಕೊಡುವ ಮಾನ್ಯವಾಗಿ, ಕೊಟ್ಟನು. ಶೌರ್ಯಕ್ಕೆ ಸಂದ ಪಾರಿತೋಷಕಕ್ಕೆ ಗಡುವು ಹಾಕುವುದು ಆಧುನಿಕ ರಾಜ್ಯಾಡಳಿತದ ಪದ್ಧತಿ. ಈ ಪದ್ಧತಿಯು ಕೊಡಗಿನ ಕೋವಿಯ ವಿನಾಯಿತಿಯನ್ನು ಹೇಗೆ ಬಂದು ಮುಟ್ಟಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿಯ ಅಧೀನವಾಯಿತು. ಮೂರು ವರ್ಷಗಳಲ್ಲಿಯೇ, 1837ರ ಏಪ್ರಿಲ್‌ನಲ್ಲಿ, ಸುಳ್ಯ ಸೀಮೆಯಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆಯೆದ್ದಿತು. ಗುಡ್ಡೆಮನೆ ಅಪ್ಪಯ್ಯಗೌಡರು ಮಡಿಕೇರಿಯಲ್ಲಿ ಗಲ್ಲಿಗೇರಿದರು. ದಂಗೆಯನ್ನು ಅಡಗಿಸಲು ನೆರವಾದ ಕೊಡವ ಪ್ರಮುಖರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳು ಬಂದವು. ಒಂದೇ ನಾಡಿನ ಜನ ಎರಡು ಕಡೆ ನಿಂತಿದ್ದರೆಂಬುದನ್ನು ಪದಕದ ಕಥೆ ಹೇಳುವಾಗ ಮರೆಯುವುದುಂಟು. ಆ ಪದಕದ ಮೇಲೆ ಕನ್ನಡದ ಬರಹವೂ ಇದೆ. ಕಾರ್ಯ ನಡೆದ ತಿಂಗಳು, ವರ್ಷ ಅದರಲ್ಲಿ ಕಾಣುತ್ತವೆ. ಗಡುವಿಲ್ಲ, ಪದಕಕ್ಕೆ ಗಡುವು ಬೇಕಾಗಿಯೂ ಇರಲಿಲ್ಲ.

ಕೋವಿಯ ಮಾತು ಬೇರೆ. 1857ರ ಮಹಾದಂಗೆಯ ಅನಂತರ ಪ್ರಜೆಗಳನ್ನು ನಿರಾಯುಧರನ್ನಾಗಿ ಮಾಡುವ ಕಾಯಿದೆಗಳು ಬಂದಾಗ, ಮೈಸೂರು-ಕೊಡಗುಗಳ ಮುಖ್ಯಾಧಿಕಾರಿಯಾಗಿದ್ದ ಮಾರ್ಕ್ ಕಬ್ಬನ್ನನು 1861ರ ಫೆಬ್ರವರಿಯಲ್ಲಿ ಕೊಡವರನ್ನು ಅವುಗಳಿಂದ ಹೊರಗಿಟ್ಟು ಆಜ್ಞೆ ಹೊರಡಿಸಿದನು. ಎರಡೇ ತಿಂಗಳಲ್ಲಿ ಅವನು ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡನು. ಆಜ್ಞೆಯಲ್ಲಿ ಕೊಡವರ ನಿಷ್ಠೆಗೂ ಧೈರ್ಯಕ್ಕೂ ಹೇರಳವಾದ ಶ್ಲಾಘನೆಯಿದೆ. ಆಳುವವರ ಶ್ಲಾಘನೆಯನ್ನು ಹಾಗೆಯೇ ನಂಬುವುದು ಇತಿಹಾಸಕಾರನಿಗೆ ಉಚಿತವಲ್ಲ. ಮಲಬಾರಿಗೂ ಮೈಸೂರಿಗೂ ನಡುವಿನ ಮಲೆಯಲ್ಲಿ ನೆಚ್ಚಿನ ಜನರ ಕೈಯಲ್ಲಿ ಕೋವಿಯಿರುವುದು ಸರಕಾರಕ್ಕೆ ಅನುಕೂಲವೇ ಆಗಿತ್ತು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಕಬ್ಬನ್ನನು ಕೊಡವರಿಗೆ ಕೋವಿಯನ್ನು ಕೊಡಲಿಲ್ಲ. ಇದ್ದದ್ದನ್ನು ಕಿತ್ತುಕೊಳ್ಳಲಿಲ್ಲ, ಅಷ್ಟೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ರೂಢಿ, ಕೈಲ್‌ಪೊಳ್ದಿನಲ್ಲಿ ಆಯುಧಗಳ ಪೂಜೆ, ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರುವ ಗುಂಡು, ಇವು ಯಾವ ಸರಕಾರದ ಆಜ್ಞೆಯಿಂದಲೂ ಹುಟ್ಟಿದ ಆಚಾರಗಳಲ್ಲ. ಜಮ್ಮಾ ಹಿಡುವಳಿಯೂ ಇಂಥದೇ. ಸಾಗು ಭೂಮಿಯ ಕಂದಾಯದ ಅರ್ಧವನ್ನಷ್ಟೇ ತೆತ್ತು, ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಾದ ವಂಶಪಾರಂಪರ್ಯದ ಹೊಣೆ ಅದರಲ್ಲಿತ್ತು. ವಿನಾಯಿತಿಯು ಕೊಡವರಿಗಷ್ಟೇ ಅಲ್ಲದೆ ಕೊಡಗಿನ ಎಲ್ಲ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸಲು ಈ ಹೊಣೆಯೇ ಕಾರಣವೆಂದು ತೋರುತ್ತದೆ. ಹಾಗಾದರೆ ಇದು ಪಾರಿತೋಷಕವೋ, ಪೂರ್ವಾಚಾರದ ಮನ್ನಣೆಯೋ? ಪಾರಿತೋಷಕವಾದರೆ ಕೊಟ್ಟವನು ಅವಧಿಯನ್ನು ಕಟ್ಟಬಹುದು. ಪೂರ್ವಾಚಾರಕ್ಕೆ ಅವಧಿ ಕಟ್ಟುವುದು ಅಷ್ಟು ಸರಳವಲ್ಲ.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು 41ನೆಯ ವಿಧಿಯಲ್ಲಿ, ಸಾರ್ವಜನಿಕ ಹಿತಕ್ಕಾಗಿ ಯಾವುದೇ ವರ್ಗದ ಜನರಿಗೆ ಷರತ್ತುಗಳೊಡನೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ವಹಿಸಿತು. ಕೊಟ್ಟದ್ದನ್ನು ರದ್ದುಪಡಿಸುವ ಅಧಿಕಾರವೂ ಅಲ್ಲಿಯೇ ಇದೆ. 1963ರ ಅಧಿಸೂಚನೆಯು ಕೊಡಗಿನ ವಿನಾಯಿತಿಯನ್ನು ಮುಂದುವರಿಸಿತು. ಅರ್ಧ ಶತಮಾನಕ್ಕೂ ಮೀರಿ ಅದು ನಡೆದು ಬಂದ ಮೇಲೆ, 2019ರ ಅಕ್ಟೋಬರ್ 29ರ ಅಧಿಸೂಚನೆಯು ಹತ್ತು ವರ್ಷಗಳ ಮೇರೆಯನ್ನು ಹಾಕಿತು. ಅದರಂತೆ ವಿನಾಯಿತಿಯು 2029ರ ಅಕ್ಟೋಬರ್ 31ರವರೆಗೆ ಇರುತ್ತದೆ.

ಹಿಂತೆಗೆದುಕೊಳ್ಳುವ ಅಧಿಕಾರ ಮೊದಲೇ ಇದ್ದ ಮೇಲೆ ಗಡುವಿನಿಂದ ಆದ ವ್ಯತ್ಯಾಸವೇನೆಂದು ಕೇಳಬಹುದು. ವ್ಯತ್ಯಾಸ ಸಣ್ಣದಲ್ಲವೆಂಬುದು ನಮ್ಮ ಅಭಿಪ್ರಾಯ. ಗಡುವಿಲ್ಲದಿದ್ದಾಗ ವಿನಾಯಿತಿಯನ್ನು ಮುಗಿಸಬೇಕೆನ್ನುವವರು ಕಾರಣ ಹೇಳಬೇಕಾಗಿತ್ತು, ಸರಕಾರ ಸುಮ್ಮನಿದ್ದರೆ ಅದು ನಡೆಯುತ್ತಿತ್ತು. ಈಗ ಸರಕಾರ ಸುಮ್ಮನಿದ್ದರೆ ಅದು ಮುಗಿಯುತ್ತದೆ. ಮುಂದುವರಿಸಬೇಕೆನ್ನುವವರು ಪ್ರತಿ ಅವಧಿಯ ಕೊನೆಯಲ್ಲಿಯೂ ಕಾರಣ ಹೇಳಬೇಕು.

ಆದರೆ ಇದೇ ಗಡುವು ಇನ್ನೊಂದು ಕಡೆ ರಕ್ಷಣೆಯೂ ಆಯಿತು. ಜಾತಿ ಮತ್ತು ಭೂಹಿಡುವಳಿಗಳ ಆಧಾರದ ಮೇಲೆ ಕೊಟ್ಟ ವಿನಾಯಿತಿಯು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಸ್ವಾತಂತ್ರ್ಯಪೂರ್ವದಿಂದ ಬಂದ ರೂಢಿಯೆಂಬುದರ ಜೊತೆಗೆ, ವಿನಾಯಿತಿಯು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷಗಳದ್ದು, ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನೂ ನ್ಯಾಯಾಲಯ ಗಣಿಸಿತು. ಮೇರೆಯಿಲ್ಲದ ವಿಶೇಷ ಹಕ್ಕನ್ನು ಸಮಾನತೆಯ ನ್ಯಾಯದಲ್ಲಿ ಸಮರ್ಥಿಸುವುದು ಇದಕ್ಕಿಂತ ಕಷ್ಟವಾಗುತ್ತಿತ್ತೇನೋ.

1861ರ ನಿಷ್ಠೆಯ ವಾದವನ್ನು 2029ರಲ್ಲಿ ಮತ್ತೆ ಹೂಡಲು ಬರುವಂತಿಲ್ಲ. ಆ ನಿಷ್ಠೆ ಸಂದದ್ದು ಪರಕೀಯ ಆಳ್ವಿಕೆಗೆ. ಉಳಿಯುವುದು ಆಚಾರದ ವಾದ ಮತ್ತು ಜಮ್ಮಾದ ವಾದ. ಇವೆರಡಕ್ಕೂ ಆಧಾರಗಳು ಒಕ್ಕಗಳ ಐನ್‌ಮನೆಗಳಲ್ಲಿರುವ ಕಾಗದಪತ್ರಗಳಲ್ಲಿ, ಜಮ್ಮಾ ಸನ್ನದುಗಳಲ್ಲಿ, ಜಿಲ್ಲಾಧಿಕಾರಿಗಳ ಕಚೇರಿಯ ವಿನಾಯಿತಿ ಪತ್ರಗಳಲ್ಲಿ ದೊರೆಯಬೇಕು. ಅವುಗಳನ್ನು ನಕಲು ಮಾಡಿ ಅನುಕ್ರಮವಾಗಿ ಜೋಡಿಸುವ ಕೆಲಸ ಗಡುವು ಮುಗಿಯುವುದಕ್ಕೆ ಮೊದಲೇ ನಡೆಯತಕ್ಕದ್ದು.